ಮಾಣಿಕ ಇಳಿಸದ ನೀರು

ಬೀದರಿನ ಗಾಂಧಿ ಗಂಜ ಧಾನ್ಯ ಮಾರುಕಟ್ಟೆಯ ಹತ್ತಿರ ಗೇಮ್ ಅಂಗಡಿ ಇಟ್ಟಿದ್ದ ಔರಾದಿನ ಮಾಣಿಕನಿಗೆ ಆ ಬರಗಾಲದ ವರ್ಷ ತಲೆ ಕೆಟ್ಟುಹೋಗಿತ್ತು. ಕಾರ್ ಗೇಮಿನಲ್ಲಿ ಹೊಳೆ ಬಂದಕೂಡಲೇ ಹಳೆಯ ಕಂಪ್ಯೂಟರ್ ಬಂದ್ ಬೀಳುತ್ತಿತ್ತು. ಫ್ಯಾನಿಗೆ ಮೆತ್ತಿದ್ದ ತೊಗರಿಯ ಧೂಳು ಊದಿದರೂ ಅಷ್ಟೇ. ಮುದಿ ಗ್ರಾಫಿಕ್ಸ್ ಕಾರ್ಡಿಗೆ ಅಲೆಗಳನ್ನು ಬಿಡಿಸುವ ತ್ರಾಣವೇ ಉಳಿದಿರಲಿಲ್ಲ.

ಹೈದರಾಬಾದಿಗೆ ದುಡಿಯಲು ಹೊರಟು, ಬಸ್ಸಿಗೆ ಹೊತ್ತಿದೆಯೆಂದು ಆಡಲು ಕುಳಿತಿದ್ದ ಭಾಲ್ಕಿಯ ಕಾಶೀರಾಮ, "ನೀರಿನ ಸೆಟ್ಟಿಂಗ್ ಇಳಿಸ್ರಿ ಅಣ್ಣಾ, ಸರಿ ಆಗ್ತದ" ಎಂದ.

"ಕೊಡ ಹಿಡ್ಕೊಂಡು ಟ್ಯಾಂಕರ್ ಕಾಯೋದು ಸಾಲಲಾರದಕ್ಕ ಇಲ್ಲಿನೂ ನೀರು ಕಡಿಮಿ ಮಾಡ್ಲೇನು?" ಮಾಣಿಕ ಸಿಡುಕಿದ. ಸೆಟ್ಟಿಂಗಿನಲ್ಲಿ ಗಿಡ, ನೆರಳು, ಕಟ್ಟಡಗಳ ಅಂದವನ್ನೆಲ್ಲ ಇಳಿಸಿದ; ನೀರನ್ನು ಮಾತ್ರ ಮುಟ್ಟಲಿಲ್ಲ.

ಈ ಸಲ ಆಟ ನಿಲ್ಲಲಿಲ್ಲ. ಬೋಳು ಊರಿನ ನಡುವೆ ಹೊಳೆ ಥಳಥಳಿಸುತ್ತ ದಂಡೆ ತುಂಬಿ ಹರಿಯಿತು. ಕಾಶೀರಾಮ ರೇಸು ಮರೆತು ದಂಡೆಯ ಮೇಲೆ ಕಾರು ನಿಲ್ಲಿಸಿದ.

"ಬಸ್ ಬರೋತನ ಹಿಂಗೇ ಇರ್ಲಿರಿ."