ಅಪ್ಪ ಬಣ್ಣ ಬಿಟ್ಟದ್ದು ಯಾಕೆ

ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಮಲೇಷ್ಯಾದಲ್ಲಿ, ಸುಬಾಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಮಗಳ ಜೊತೆ ಕೂತು ಹಳೆಯ ಹಾಲಿವುಡ್ ಸಂಗೀತಚಿತ್ರವೊಂದನ್ನು ನೋಡಿದೆ. ಕಾಲೇಜಿಗಾಗಿ ಅವಳು ಅದರ ಬಗ್ಗೆ ಬರೆಯಬೇಕಿತ್ತು. ಊರೂರು ಸುತ್ತಿ ಹಾಡಿ, ಕುಣಿದು, ನಗಿಸುತ್ತಿದ್ದ, ನಿಜವಾಗಿಯೂ ಬದುಕಿದ್ದ ವಾಡೆವಿಲ್ ನಟನೊಬ್ಬನ ಕತೆ. ಕೊನೆಗೆ ಅವನು ಮಕ್ಕಳಿಗಾಗಿ ರಂಗ ಬಿಡುತ್ತಾನೆ. ನನಗೆ ನನ್ನಪ್ಪ ನೆನಪಾದರು.

ಮಗಳು ಫೋನಿನಲ್ಲಿ ಏನೋ ಓದುತ್ತಾ, “ಪಪ್ಪಾ, ದಿಸ್ ಪಾರ್ಟ್ ನಾಟ್ ಟ್ರೂ ಲಾ. ಆ ಆ್ಯಕ್ಟರ್ ನೆವರ್ ಕ್ವಿಟ್” ಎಂದಳು, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ.

ನನ್ನಪ್ಪ ಗದಗಿನ ಕಡೆಯ ನಾಟಕ ಕಂಪನಿಯೊಂದರಲ್ಲಿ ಹಾಸ್ಯಪಾತ್ರ ಮಾಡುತ್ತಿದ್ದರು. ನಾನು ಹುಟ್ಟಿದ ವರ್ಷ ಅದನ್ನು ಬಿಟ್ಟು ಗುಮಾಸ್ತರಾದರು. “ನಿನ್ನ ಸಲುವಾಗಿ ಬಿಟ್ಟಾರ” ಎಂದು ಅವ್ವ ಹೇಳಿದ್ದನ್ನು ಹೊತ್ತುಕೊಂಡೇ ನಾನು ಓದಿದೆ, ದುಡಿದೆ, ಕ್ಲಾಂಗ್ ಬಂದರಿನವರೆಗೂ ಬಂದೆ.

ಅವ್ವ ಹೇಳಿದ್ದೂ ಹೀಗೇ ಕಟ್ಟಿದ ಕತೆಯೇ ಎಂಬ ಅನುಮಾನ ಹೊಕ್ಕು ಅವತ್ತು ಮನೆಯಲ್ಲಿ ನಿಲ್ಲಲಾಗಲಿಲ್ಲ. ಕೆಳಗಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ, ಅಂಗಡಿಯಲ್ಲಿ ಚಹಾ ಹೇಳಿ ಅರ್ಧಕ್ಕೇ ಎದ್ದುಬಂದೆ. ತೊಳೆದ ಕಾರನ್ನೇ ಮತ್ತೆ ತೊಳೆದೆ. ಸೋಮವಾರ ಆಫೀಸಿನಲ್ಲಿ ಕಂಟೇನರ್ ನಂಬರು ಎರಡು ಸಲ ತಪ್ಪು ಬರೆದೆ. ಊಟದ ಬಿಡುವಿನಲ್ಲಿ ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು.

“ಅಕ್ಕಾ, ಅಪ್ಪ ನಾಟಕ ಯಾಕ ಬಿಟ್ರು?”

“ಕಂಪನಿಯವ್ರ ಬಿಡಿಸಿದ್ರೋ ತಮ್ಮಾ. ಅಪ್ಪ ಮಾತು ಮರೀತಿದ್ರು. ಒಂದಿನ ರಂಗದ ಮ್ಯಾಲೆ ಸುಮ್ನ ನಿಂತಬಿಟ್ರು, ಜನ ಸೀಟಿ ಹೊಡದ್ರು. ನಾ ಮುಂದ ಕುಂತಿದ್ದೆ. ನೀ ಹುಟ್ಟಿದ್ದು ಅದಾಗಿ ಆರು ತಿಂಗಳಿಗೆ.”

“ಮತ್ತ ಅವ್ವ ಯಾಕ ಹಂಗ ಹೇಳ್ತಿದ್ಲು?”

“ಮತ್ತೇನ್ ಹೇಳಬೇಕಿತ್ತು? ನಿನ್ನ ಹೆಸರು ಹೇಳಿದ್ರ ಅಪ್ಪಗ ಮರ್ಯಾದಿ ಉಳೀತಿತ್ತು.”

ಹಗುರಾಗಬೇಕಿತ್ತು. ಸಿಟ್ಟು ಬಂತು, ಸತ್ತವರ ಮೇಲೆ ಸಿಟ್ಟಾಗಿದ್ದಕ್ಕೆ ನಾಚಿಕೆಯೂ ಬಂತು. ರೈಲಿನಲ್ಲಿ ಸೀಟು ಖಾಲಿಯಿದ್ದರೂ ಮನೆಯವರೆಗೆ ನಿಂತೇ ಬಂದೆ.

ಮಗಳಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: “ಬಟ್ ವಾಸ್ ಹೀ ಫನ್ನಿ?”

ನಾನೆಂದೂ ಅವರನ್ನು ರಂಗದ ಮೇಲೆ ನೋಡಿರಲಿಲ್ಲ. ಅಕ್ಕನಿಗೆ ಮತ್ತೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅದನ್ನೇ ಕೇಳಿದೆ. ಉತ್ತರ ಕೊಡುವ ಮೊದಲೇ ಅವಳಿಗೆ ನಗು. ಆಮೇಲೆ ಅಪ್ಪನ ದನಿ ತೆಗೆದು, ತನ್ನದೇ ಮದುವೆಗೆ ದಾರಿ ತಪ್ಪಿ ಬೇರೆ ಹಂದರ ಹೊಕ್ಕ ಮದುಮಗನ ಪಾತ್ರದ ಮಾತನ್ನು ಉಸಿರು ಬಿಡದೆ ಒಪ್ಪಿಸಿದಳು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ.