ಕೆಂಪು ಅಂಗಿಯ ಬಾಕಿ ಹುಕ್ಕು

ಗಜೇಂದ್ರಗಡದ ನಮ್ಮ ಹೊಲಿಗೆ ಅಂಗಡಿಗೆ ವರ್ಷಕ್ಕೊಮ್ಮೆ ಸರ್ಕಸ್ಸಿನವರು ಬರುತ್ತಿದ್ದರು. ಕಡಲೆ ರಾಶಿ ಮುಗಿದು ಜನರ ಕೈಗೆ ಬಿಡುವು ಸಿಕ್ಕ ಹೊತ್ತಿಗೆ ಮೊದಲು ನರಗುಂದ, ಆಮೇಲೆ ರೋಣ, ಕೊನೆಗೆ ನಮ್ಮೂರು. ಡೇರೆಯ ಕಂಬ ಏಳುವ ಮೊದಲೇ ಹರಿದ ಬಟ್ಟೆಯ ಗಂಟುಗಳು ನಮ್ಮ ಕಟ್ಟೆಯ ಮೇಲೆ ಬಂದು ಬೀಳುತ್ತಿದ್ದವು. ನಮ್ಮಪ್ಪ, ಅಂದರೆ ಅಬ್ಬಾ, ಜೋಕರನ ಚೊಣ್ಣ ಹೊಲಿಯುತ್ತಿದ್ದರು, ನಾನು ಹೆಣ್ಣುಮಕ್ಕಳ ಚಮಕಿ ಅಂಗಿ. ಅಷ್ಟು ಗಿಡ್ಡ ಅಂಗಿಯನ್ನು ಅಬ್ಬಾ ಕೈಯಿಂದ ಮುಟ್ಟುತ್ತಿರಲಿಲ್ಲ. ಆಟಕ್ಕೆ ಮಾತ್ರ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಅವರೇ. ಆ ಮಾತು ತೆಗೆದರೆ ಅವರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು.

ಡೇರೆಯ ತುದಿಯ ಉಯ್ಯಾಲೆ, ಆ ಝೂಲಾದ ಮೇಲೆ ಹಾರುವವಳು ನನಗಿಂತ ಐದಾರು ವರ್ಷ ಚಿಕ್ಕವಳು. ಸರ್ಕಸ್ಸಿನಲ್ಲೇ ಹುಟ್ಟಿದವಳು. ನಿನ್ನೂರು ಯಾವುದು ಎಂದು ಕೇಳಿದರೆ, ಆ ವಾರ ಡೇರೆ ಇದ್ದ ಊರಿನ ಹೆಸರು ಹೇಳಿ ನಗುತ್ತಿದ್ದಳು. ನಮ್ಮ ಕಡೆಯ ಮಾತನ್ನು ತಿರುಗಾಟದಲ್ಲೇ ಕಲಿತಿದ್ದಳು. ಗಂಡನ ಮನೆ ಬಿಟ್ಟು ಬಂದು ಮಷೀನಿನ ಮುಂದೆ ಕೂತಿದ್ದ ನನ್ನನ್ನು ಊರಿನ ಹೆಂಗಸರೆಲ್ಲ "ಯಾಕ ಬಂದಿ?" ಎಂದು ಕೇಳಿ ಸಾಕು ಮಾಡಿದ್ದರು. ಇವಳು ಒಮ್ಮೆಯೂ ಕೇಳಲಿಲ್ಲ. "ಊಟ ಆತೇನಕ್ಕಾ?" ಎಂದಷ್ಟೇ ಕೇಳಿ, ನನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದುಕೊಳ್ಳುತ್ತಿದ್ದಳು. ಆ ಇಪ್ಪತ್ತು ದಿನಗಳಿಗಾಗಿ ನಾನು ಉಳಿದ ವರ್ಷವನ್ನೆಲ್ಲ ತಳ್ಳುತ್ತಿದ್ದೆ.

ಅವರಲ್ಲೊಂದು ಪದ್ಧತಿ ಇತ್ತು. ಊರು ಬಿಡುವಾಗ ಏನಾದರೊಂದು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಹೋಗಬೇಕು. ಅಡುಗೆಯವನು ರೋಣದ ಕಲಾಯಿಯವರ ಹತ್ತಿರ ಕಲಾಯಿ ಆಗದ ಒಂದು ಪಾತೇಲಿ ಬಿಡುತ್ತಿದ್ದ. ಜೋಕರ್ ನರಗುಂದದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಕಾಲಿನ ಬೂಟು ಬಿಡುತ್ತಿದ್ದ. ಇವಳು ನನ್ನ ಹತ್ತಿರ ಒಂದು ಹೊಸ ಅಂಗಿ ಹೊಲಿಸಿ, ಎಡ ಭುಜದ ಹುಕ್ಕೊಂದನ್ನು ಹಚ್ಚಿಸದೆ ನಮ್ಮ ಕಪಾಟಿನಲ್ಲೇ ಇಡುತ್ತಿದ್ದಳು. ಮರುವರ್ಷ ಬಂದಾಗ ನಾನು ಹುಕ್ಕು ಹಚ್ಚಬೇಕು, ಮೊದಲ ಆಟಕ್ಕೆ ಅವಳು ಅದನ್ನೇ ತೊಡಬೇಕು.

"ಪೂರಾ ಆದ ಕೆಲಸಕ್ಕ ಯಾರ ಕರೀತಾರಕ್ಕಾ? ಬಾಕಿ ಇದ್ರ ಊರ ತಾನ ಕರಿತೈತಿ" ಎನ್ನುತ್ತಿದ್ದಳು.

"ನಿಮ್ಮಂಥ ಗಿರಾಕಿ ನಾಕ ಮಂದಿ ಇದ್ರ ನಮ್ಮ ಕಪಾಟಿನ ಬಾಗಲಾ ಮುಚ್ಚೂದಿಲ್ಲ" ಎಂದು ನಾನು ರೇಗಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಿಂಹಗಳು ಹೋದವು. ಸರ್ಕಾರದವರು ಒಯ್ದರು ಎಂದರು. ಒಯ್ದದ್ದು ಒಳ್ಳೆಯದೇ, ಆ ಪಂಜರದ ವಾಸನೆ ನನಗೆ ಗೊತ್ತು. ಆದರೆ ಮುಶಿಗೇರಿ, ಲಕ್ಕಲಕಟ್ಟಿಯಿಂದ ಟ್ರ್ಯಾಕ್ಟರ್ ತುಂಬ ಬರುತ್ತಿದ್ದ ಜನ ಆ ಸಿಂಹಗಳ ಹಿಂದೆಯೇ ಹೋದಂತಾಯಿತು. ಮನೆಮನೆಗೂ ಟಿವಿ ಬಂದಿತ್ತು. ಡೇರೆಯಲ್ಲಿ ಕುರ್ಚಿಗಳೇ ಕುರ್ಚಿಗಳ ಮುಖ ನೋಡುತ್ತಿದ್ದವು.

ಅಂಥದೇ ಒಂದು ವರ್ಷದ ಮಧ್ಯಾಹ್ನದ ಆಟ. ಅವಳು ತೊಟ್ಟಿದ್ದ ಹಳೆಯ ಹಸಿರು ಅಂಗಿ ಮೇಲೆ ಹಾರುತ್ತಿದ್ದಾಗಲೇ ಭುಜದಲ್ಲಿ ಬಿಟ್ಟುಕೊಂಡಿತು. ಒಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡಳು. ಎದುರಿನವನ ಕೈಗೆ ಅವಳ ಇನ್ನೊಂದು ಕೈ ಸಿಗಲಿಲ್ಲ. ಬಲೆಗೆ ಬಿದ್ದಳು, ಪುಟಿದಳು, ಎದ್ದು ಜನರಿಗೆ ಕೈಮುಗಿದಳು. ಏನೂ ಆಗಿರಲಿಲ್ಲ. ಆದರೆ ಬಿಟ್ಟುಕೊಂಡದ್ದು ನಾನು ಹಾಕಿದ ಹೊಲಿಗೆ.

ಕಪಾಟಿನಲ್ಲಿಡಲು ಹೊಲಿದಿದ್ದ ಕೆಂಪು ಅಂಗಿಯನ್ನು ತೆಗೆದೆ. ಎರಡೆರಡು ಸಲ ಹೊಲಿಗೆ ಹಾಕಿದೆ. ಎಡ ಭುಜದ ಹುಕ್ಕನ್ನೂ ಹಚ್ಚಿಬಿಟ್ಟೆ. ಅವರು ಡೇರೆ ಬಿಚ್ಚಿದ ಬೆಳಿಗ್ಗೆ ಲಾರಿಯ ಹತ್ತಿರ ಹೋಗಿ ಅವಳ ಕೈಯಲ್ಲಿಟ್ಟು, "ಪೂರಾ ಆಗೇತಿ ನೋಡು, ಒಂದ ದಾರ ಸೈತ ಜಗ್ಗೂದಿಲ್ಲ" ಎಂದೆ. ದರ್ಜಿಯ ಮಗಳ ಸೊಕ್ಕು.

ಅವಳು ಭುಜವನ್ನು ಬೆರಳಿನಿಂದ ಸವರಿ ನೋಡಿದಳು. ಮುಖ ಇಳಿಯಿತು.

"ಏನ್ ಮಾಡಿದೆಕ್ಕಾ ನೀ?"

ಆಮೇಲೆ ಹಲ್ಲಿನಿಂದ ದಾರ ಕಡಿದು, ಹುಕ್ಕು ಕಿತ್ತು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಈಗ ಬಾಕಿ ಉಳೀತು. ಹುಷಾರ, ಕಳೀಬ್ಯಾಡ." ಲಾರಿ ಹಾರ್ನು ಹೊಡೆಯಿತು. ಕೆಂಪು ಅಂಗಿಯನ್ನು ಎದೆಗವಚಿಕೊಂಡು ಹತ್ತಿದಳು.

ಮರುವರ್ಷ ಅವರು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. "ಜೋಕರನ ಚೊಣ್ಣ ಇನ್ನೂ ಬರಲಿಲ್ಲೇನವಾ?" ಎಂದು ಅಬ್ಬಾ ಕಡಲೆ ರಾಶಿಯ ಹೊತ್ತಿಗೆ ಕೇಳುತ್ತಿದ್ದರು, ಆಮೇಲೆ ಕೇಳಲು ಅವರೂ ಇರಲಿಲ್ಲ. ಸರ್ಕಸ್ಸು ಯಾಕೆ ಬರುವುದಿಲ್ಲ ಎಂಬುದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ಹುಕ್ಕುಗಳ ಡಬ್ಬಿ ತೆರೆದಾಗಲೆಲ್ಲ, ನಾನೇ ಆ ಕೆಲಸ ಮುಗಿಸಿ ಅವಳನ್ನು ಕಳಿಸಿಬಿಟ್ಟೆ ಎನಿಸುತ್ತಿತ್ತು. ಕಿತ್ತುಕೊಟ್ಟ ಹುಕ್ಕಿಗೆ ಕರೆಯುವ ಶಕ್ತಿ ಇರುತ್ತದೆಯೋ ಇಲ್ಲವೋ, ಯಾರನ್ನು ಕೇಳಲಿ? ಮಷೀನಿನ ಸದ್ದಿನಲ್ಲಿ ಎಷ್ಟೋ ಸಲ ಅತ್ತಿದ್ದೇನೆ.

ಐದು ವರ್ಷದ ನಂತರ, ಚಿಕ್ಕನರಗುಂದದಿಂದ ಮದುವೆ ಬಟ್ಟೆ ಹೊಲಿಸಲು ಬಂದ ಹೆಂಗಸು ನರಗುಂದದಲ್ಲಿ ಸರ್ಕಸ್ಸು ಬಂದಿದೆ ಎಂದಳು. ಕಂಪನಿಯ ಹೆಸರು ಕೇಳಿದೆ. ಅವರದೇ. ಕತ್ತರಿಸಿದ ಬಟ್ಟೆಯನ್ನು ಹಾಗೆಯೇ ಬಿಟ್ಟು, ಹುಕ್ಕು, ಸೂಜಿ, ಕೆಂಪು ದಾರ ಪರ್ಸಿಗೆ ಹಾಕಿಕೊಂಡು ಮರುದಿನ ಬಸ್ಸು ಹತ್ತಿದೆ.

ಡೇರೆ ಅರ್ಧಕ್ಕರ್ಧ ಕುಗ್ಗಿತ್ತು. ಹರಿದ ಕಡೆ ಯಾವುದೋ ಚುನಾವಣೆಯ ಬ್ಯಾನರು ಹಚ್ಚಿದ್ದರು, ಹೊಲಿಗೆಯನ್ನಂತೂ ನೋಡಲಾಗಲಿಲ್ಲ. ಹಿಂದುಗಡೆ ಕೆಂಪು ಅಂಗಿ ಕಂಡು ನನ್ನ ಕಾಲುಗಳು ತಾವಾಗಿ ಓಡಿದವು. ಹತ್ತಿರ ಹೋದರೆ ಬೇರೆ ಹುಡುಗಿ, ಇಪ್ಪತ್ತರ ಆಸುಪಾಸಿನವಳು, ತಲೆ ಬಾಚಿಕೊಳ್ಳುತ್ತಿದ್ದಳು. ಎಡ ಭುಜಕ್ಕೆ ಪಿನ್ನು ಚುಚ್ಚಿಕೊಂಡಿದ್ದಳು.

"ಈ ಅಂಗಿ ಯಾರ ಕೊಟ್ರವಾ?"

"ಮೊದಲ ಹಾರ್ತಿದ್ದ ಅಕ್ಕಾರ್ರಿ. ಅವರ ಭುಜಾ ನೋಯಾಕ ಹತ್ತಿ ಆಟ ಬಿಟ್ಟು ಎರಡ ವರ್ಷಾತು. ಎಲ್ಲದಾರೋ ಗೊತ್ತಿಲ್ರಿ." ಮಾತಿನ ಧಾಟಿ ಬಾಗಲಕೋಟೆ ಕಡೆಯದು. "ಹೋಗುವಾಗ ಹೇಳಿ ಹೋಗ್ಯಾರ, ಇದರ ಹುಕ್ಕು ಗಜೇಂದ್ರಗಡದಾಗ ಒಬ್ಬ ಅಕ್ಕಾರ ಕಡೆ ಐತಿ, ಬ್ಯಾರೆ ಹುಕ್ಕ ಹಚ್ಚಸಬ್ಯಾಡ ಅಂತ."

ನನಗೆ ಬಂದದ್ದು ಸಿಟ್ಟು. "ಅದಕ್ಕ ಪಿನ್ನ ಚುಚಗೊಂಡು ಹಾರ್ತಾರೇನ? ಬಿಚ್ಚಿತಂದ್ರ?" ಎಂದು ಗದರಿ ಪರ್ಸು ತೆರೆದೆ. ಹುಕ್ಕು ಕಂಡದ್ದೇ ಅವಳು ಭುಜವನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಹಚ್ಚಬ್ಯಾಡ್ರಿ ಅಕ್ಕಾರ. ಕಡೀ ಬಾಕಿ ಇದೊಂದ ಉಳದೈತ್ರಿ."

ಪಾತೇಲಿ, ಬೂಟು ಎಲ್ಲ ಕೆಲಸ ಮುಗಿದು ಎಂದೋ ವಾಪಸ್ಸು ಬಂದಿದ್ದವಂತೆ, ಹೊಸ ಬಾಕಿ ಯಾರೂ ಬಿಟ್ಟಿರಲಿಲ್ಲವಂತೆ.

"ಹಚ್ಚೂದಿಲ್ಲ. ಸುಮ್ಮನ ನಿಂದ್ರು" ಎಂದೆ. ಪಿನ್ನು ತೆಗೆದು, ಭುಜದ ಎರಡೂ ಅಂಚುಗಳನ್ನು ಅವಳ ಮೈಮೇಲೆಯೇ ಕೈಹೊಲಿಗೆಯಿಂದ ಬಿಗಿದೆ. ಆಟ ಮುಗಿದ ಮೇಲೆ ದಾರ ಕತ್ತರಿಸುವುದು, ಮರುದಿನ ಮತ್ತೆ ಹೊಲಿಯುವುದು ಹೇಗೆಂದು ತೋರಿಸಿಕೊಟ್ಟೆ. ಹುಕ್ಕಿನ ಜಾಗ ಖಾಲಿಯೇ ಉಳಿಯಿತು.

ಆಟಕ್ಕೆ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕುಳಿತೆ. ಹುಡುಗಿ ಹಾರಿದಳು. ಚಲೋ ಹಾರುತ್ತಾಳೆ. ನಾನು ಮಾತ್ರ ಅವಳ ಎಡ ಭುಜವನ್ನೇ ನೋಡುತ್ತ, ಅಲ್ಲಿ ಇನ್ನೊಬ್ಬಳನ್ನು ಹುಡುಕುತ್ತಿದ್ದೆ.

ಹೊರಡುವಾಗ ಅವಳು ಗೇಟಿನವರೆಗೂ ಬಂದಳು. "ನಿಮ್ಮೂರಿಗೆ ಬಂದಾಗ ಹುಕ್ಕ ಹಚ್ಚಸ್ಕೋತೀನ್ರಿ. ಡೇರೆ ಹಾಕೂ ಬಯಲ ಇನ್ನೂ ಹಂಗ ಐತಲ್ರಿ?"

ಆ ಬಯಲಿನಲ್ಲಿ ಪ್ಲಾಟಿನ ಕಲ್ಲು ನೆಟ್ಟು ವರ್ಷವಾಗಿತ್ತು. ಎರಡು ಮನೆಗೆ ಪಾಯವೂ ಎದ್ದಿತ್ತು.

"ಐತವಾ" ಎಂದೆ. "ಲಗೂ ಬರ್ರಿ."