ದೇವಿಂದ್ರಪ್ಪ ಬಿಡಿಬಿಡಿಯಾಗಿ ಕಟ್ಟಿದ ಬ್ಯಾಂಕು

ದಂಡೋತಿಯ ದೇವಿಂದ್ರಪ್ಪ ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದಿ, ಎಪ್ಪತ್ತರ ದಶಕದಲ್ಲಿ ಶಹಾಬಾದಿನ ಒಂದು ಖಾಸಗಿ ಪ್ರಯೋಗಾಲಯ ಸೇರಿದ. ಅಲ್ಲಿ ಕೆಪಾಸಿಟರುಗಳಿಗೆ ನಿಧಾನವಾಗಿ ವಿದ್ಯುತ್ತು ತುಂಬಿಸಿ, ಕಣ್ಣು ಮಿಟುಕಿಸುವುದರೊಳಗೆ ಒಮ್ಮೆಲೇ ಹರಿಯಬಿಟ್ಟು, ಆ ಹೊಡೆತಕ್ಕೆ ಲೋಹದ ತಂತಿ ಏನಾಗುತ್ತದೆಂದು ನೋಡುತ್ತಿದ್ದರು. ಎಲ್ಲ ಕೆಪಾಸಿಟರುಗಳನ್ನೂ ಒಂದೇ ತಾಮ್ರದ ಪಟ್ಟಿಗೆ ಬಿಗಿದು, ಬ್ಯಾಂಕು ಎಂದು ಕರೆಯುವ ಆ ಜೋಡಣೆಯನ್ನು ಕಟ್ಟಿದವನು ದೇವಿಂದ್ರಪ್ಪನೇ.

ಒಂದು ಮಧ್ಯಾಹ್ನ ಒಂದು ಕೆಪಾಸಿಟರು ಒಳಗೇ ಕೆಟ್ಟಿತು. ಉಳಿದವುಗಳಲ್ಲಿ ತುಂಬಿದ್ದ ಶಕ್ತಿಯೆಲ್ಲ ಅದರೊಳಗೆ ನುಗ್ಗಿ ಡಬ್ಬಿ ಸಿಡಿಯಿತು. ಅದರೊಳಗಿನ ಸುಡುವ ಎಣ್ಣೆ ಟೆಕ್ನಿಷಿಯನ್ ಖಾಜಾಮಿಯಾನ ತೋಳಿಗೆ ಹಾರಿತು. ಗಾಯ ಮಾಯಿತು, ಆದರೆ ಆತ ಕೆಲಸದ ಕಡೆ ತಲೆಹಾಕಲಿಲ್ಲ.

ದೇವಿಂದ್ರಪ್ಪ ರೈಲುಗಾಡಿ ಹತ್ತಿ ವಾಡಿಯಲ್ಲಿದ್ದ ಅವನ ಮನೆಗೆ ಹೋದ. ಖಾಜಾಮಿಯಾನ ಹೆಂಡತಿ ಜೈತುನ್‌ಬೀ ಚಹಾ ಕೊಟ್ಟಳು.

"ಎಲ್ಲಾ ಒಂದಕ್ಕ ಕಟ್ಟಿದ್ದು ನನ್ನ ತಪ್ಪರಿ. ಈಗ ಬ್ಯಾರೆ ಥರ ಮಾಡಾಕತ್ತೀನಿ," ಎಂದ.

"ಮಾಡ್ರಿ ಸಾಹೇಬ್ರ. ಮೊದಲ ನೀವ್ ಅದರಾಗ ಕೈ ಹಾಕ್ರಿ, ಆಮ್ಯಾಲ ಇವರನ್ನ ಕರೀರಿ," ಎಂದಳಾಕೆ.

ದೇವಿಂದ್ರಪ್ಪ ಬ್ಯಾಂಕನ್ನು ಬಿಡಿ ಪೆಟ್ಟಿಗೆಗಳಾಗಿ ವಿಂಗಡಿಸಿದ. ಒಂದೊಂದರಲ್ಲಿ ನಾಲ್ಕೇ ಕೆಪಾಸಿಟರು, ಅದಕ್ಕೇ ಸೇರಿದ ಫ್ಯೂಸು, ಪಕ್ಕದ ಪೆಟ್ಟಿಗೆಗಳಿಂದ ನುಗ್ಗುವ ವಿದ್ಯುತ್ತನ್ನು ತಡೆಯುವ ಒಂದು ರೆಸಿಸ್ಟರು. ಪೆಟ್ಟಿಗೆಯ ಹೊರಗಿನ ಹಿಡಿಕೆ ಕೆಳಗೆಳೆದು ಉಳಿದ ವಿದ್ಯುತ್ತನ್ನು ಭೂಮಿಗಿಳಿಸದ ಹೊರತು ಮುಚ್ಚಳ ತೆರೆಯುತ್ತಿರಲಿಲ್ಲ.

"ಈ ರೆಸಿಸ್ಟರಿಂದ ಹೊಡೆತ ಮೆತ್ತಗಾತಲ್ಲೋ," ಎಂದು ಮುಖ್ಯಸ್ಥ ಹಣಮಂತರಾಯರು ಗೊಣಗಿದರು.

"ಇನ್ನೆರಡು ಪೆಟ್ಟಿಗಿ ಹಚ್ಚಿದ್ರ ಆತರಿ. ಜಾಗಾ ಬಿಟ್ಟೀನಿ."

ಹೇಳಿ ಕಳುಹಿಸಿದಾಗ ಖಾಜಾಮಿಯಾ ಬಂದ. ಬಂದರೂ ಬಾಗಿಲು ದಾಟಲಿಲ್ಲ. ಪ್ರಯೋಗ ನಡೆಯುತ್ತಿರುವಾಗಲೇ ಒಂದು ಪೆಟ್ಟಿಗೆಯ ಫ್ಯೂಸು ಪಟ್ಟನೆ ಹಾರಿತು. ಮತ್ತೇನೂ ಸಿಡಿಯಲಿಲ್ಲ, ಅಕ್ಕಪಕ್ಕದ ಪೆಟ್ಟಿಗೆಗಳು ಹಾಗೇ ನಿಂತಿದ್ದವು. ದೇವಿಂದ್ರಪ್ಪ ಕರೆಂಟು ತೆಗೆಸಿ, ಎಲ್ಲ ಹಿಡಿಕೆಗಳನ್ನೂ ಎಳೆದು, ಕೆಟ್ಟ ಪೆಟ್ಟಿಗೆಯ ಮುಚ್ಚಳ ಎತ್ತಿದ. ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಮುಟ್ಟಿಸಿ ನೋಡಿ, ಒಳಗೆ ಕೈ ಹಾಕಿದ. ಕೂಡಲೇ ಹಿಂದೆಗೆದು, ಮತ್ತೊಮ್ಮೆ ಕೋಲು ಮುಟ್ಟಿಸಿ ನೋಡಿ, ಮತ್ತೆ ಹಾಕಿದ.

"ಸಾಬ್, ನಿಮಗೂ ಹೆದರಿಕಿ ಅದನ?" ಖಾಜಾಮಿಯಾ ಬಾಗಿಲಲ್ಲೇ ನಿಂತು ಕೇಳಿದ.

"ಭಾಳ ಅದ, ಖಾಜಾಭಾಯಿ."

ಖಾಜಾಮಿಯಾ ಬಾಗಿಲು ದಾಟಿದ. ಮೇಜಿನ ಮೇಲಿದ್ದ, ನಟ್ಟು ಬಿಚ್ಚುವ ಪಾನ ತೆಗೆದುಕೊಂಡು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. "ನೀವ್ ದೀಪ ಹಿಡೀರಿ. ನಟ್ ನಾ ಬಿಚ್ತೀನಿ."